ಮನೆವಾರ್ತೆಯವನ ಲೆಕ್ಕ

ಮನುಷ್ಯನಿಗೆ ಸಂಪತ್ತು ಬೇಕೆಂಬುದರಲ್ಲಿ ಸಂಶಯವಿಲ್ಲ. ಅನ್ನ, ಬಟ್ಟೆ, ಸೂರು, ಔಷಧ, ಮಕ್ಕಳ ವಿದ್ಯೆ ಇವೆಲ್ಲಕ್ಕೂ ಹಣವೇ ಸಾಧನವಾಗಿರುವಾಗ ಅದನ್ನು ತುಚ್ಛವೆಂದು ಹಳಿಯುವುದು ಹೊಟ್ಟೆ ತುಂಬಿದವರ ಮಾತಾದೀತು. ವಿಚಾರಿಸತಕ್ಕ ಪ್ರಶ್ನೆ ಬೇರೆ. ಕೈಗೆ ಬಂದ ಸಂಪತ್ತು ಯಾರದು? ಅದನ್ನು ಬಿಟ್ಟು ಹೋಗುವ ದಿನ ನಾವು ಯಾರಿಗೆ ಏನು ಉತ್ತರ ಕೊಡತಕ್ಕವರು? ಕ್ರೈಸ್ತ ಧರ್ಮವು ಈ ಎರಡು ಪ್ರಶ್ನೆಗಳನ್ನು ಒಂದೇ ಪ್ರಶ್ನೆಯಾಗಿ ಕಂಡಿದೆ. ಆ ಕಾಣ್ಕೆಯನ್ನು ನಮ್ಮ ಸೀಮೆಯ ಅನುಭವದೊಡನೆ ಇಟ್ಟು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಕನ್ನಡ ಬೈಬಲಿನಲ್ಲಿ ‘ಮನೆವಾರ್ತೆಯವನು’ ಎಂಬ ಸೊಗಸಾದ ಶಬ್ದವೊಂದಿದೆ. ಯಜಮಾನನ ಉಗ್ರಾಣ, ಆಳುಕಾಳು, ಕೊಡುಕೊಳ್ಳುವ ವ್ಯವಹಾರ ಇವುಗಳನ್ನು ನೋಡಿಕೊಳ್ಳುವವನಿಗೆ ಈ ಹೆಸರು. ಇವನ ಸ್ಥಿತಿಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಇವನ ಕೈಯಲ್ಲಿರುವ ವಸ್ತು ಇವನದಲ್ಲ. ಎರಡನೆಯದು, ಆ ವಸ್ತುವನ್ನು ವಿವೇಕದಿಂದ ಬಳಸುವ ಪೂರ್ಣ ಸ್ವಾತಂತ್ರ್ಯ ಇವನಿಗಿದೆ. ಇವನು ಬರಿಯ ಕಾವಲುಗಾರನಲ್ಲ. ಮೂರನೆಯದು, ಒಂದು ದಿನ ಯಜಮಾನನು ಕರೆಯುವನು, ಲೆಕ್ಕ ಕೇಳುವನು. ಮೊದಲನೆಯದನ್ನು ಮರೆತವನು ಲೋಭಿಯಾಗುತ್ತಾನೆ. ಎರಡನೆಯದನ್ನು ಮರೆತವನು ತಲಾಂತಿನ ಸಾಮತಿಯ ಸೇವಕನಂತೆ ತನಗೆ ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟು ಸೋಮಾರಿಯಾಗುತ್ತಾನೆ. ಮೂರನೆಯದನ್ನು ಮರೆತವನು ಈ ಲೋಕವೇ ಕಡೆಯೆಂದು ತಿಳಿದು ಮೈಮರೆಯುತ್ತಾನೆ. ನಿತ್ಯತ್ವಕ್ಕೆ ಸಿದ್ಧನಾಗುವುದೆಂದರೆ ಲೆಕ್ಕದ ಪುಸ್ತಕವನ್ನು ಯಾವ ಹೊತ್ತಿನಲ್ಲಾದರೂ ತೆರೆದು ತೋರಿಸುವಂತೆ ಬದುಕುವುದು.

ಲೂಕನ ಸುವಾರ್ತೆಯಲ್ಲಿ ಒಬ್ಬ ಐಶ್ವರ್ಯವಂತನ ಕಥೆ ಬರುತ್ತದೆ. ಅವನ ಭೂಮಿ ಚೆನ್ನಾಗಿ ಬೆಳೆಯಿತು. ಇದ್ದ ಕಣಜಗಳು ಸಾಲದೆ ಅವುಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಿ, ಇನ್ನು ಅನೇಕ ವರ್ಷ ಸುಖವಾಗಿರೋಣವೆಂದು ತನ್ನ ಜೀವಕ್ಕೆ ತಾನೇ ಹೇಳಿಕೊಂಡನು. ಆ ರಾತ್ರಿಯೇ ಅವನ ಪ್ರಾಣ ಹೋಗುವುದಿತ್ತು. ಅವನ ಅಪರಾಧವೇನು? ದುಡಿದುದು ಅಪರಾಧವಲ್ಲ, ಕೂಡಿಟ್ಟುದೂ ಅಲ್ಲ. ನಮ್ಮ ಕಡೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಬರಗಾಲ ಬಂದಾಗ ಅದನ್ನು ತೆಗೆಯುತ್ತಿದ್ದರು. ಮಳೆಯನ್ನು ನಂಬಿ ಬದುಕುವ ಬಯಲು ಸೀಮೆಯಲ್ಲಿ ನಾಳೆಗೆಂದು ಇಡುವುದು ದೈವದಲ್ಲಿ ಅಪನಂಬಿಕೆಯಲ್ಲ, ಗೃಹಸ್ಥಧರ್ಮ. ಆ ಐಶ್ವರ್ಯವಂತನ ಮಾತನ್ನು ಸೂಕ್ಷ್ಮವಾಗಿ ಓದಿದರೆ ಅವನ ತಪ್ಪು ತಿಳಿಯುತ್ತದೆ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು ಎಂಬುದನ್ನು ಬಿಟ್ಟು ಅವನ ಬಾಯಲ್ಲಿ ಎರಡನೆಯ ಮನುಷ್ಯನ ಹೆಸರೇ ಬರುವುದಿಲ್ಲ. ಕೂಲಿಯವನಿಲ್ಲ, ನೆರೆಯವನಿಲ್ಲ, ಮಳೆ ಕೊಟ್ಟವನೂ ಇಲ್ಲ. ಹಗೇವು ಬರಗಾಲದಲ್ಲಿ ಊರಿಗೆ ತೆರೆದರೆ ಅದು ಉಳಿತಾಯ. ಬೆಲೆಯೇರಲೆಂದು ಮುಚ್ಚಿಯೇ ಇದ್ದರೆ ಅದು ಹೇರಾಶೆ. ಹೊರಗಿನಿಂದ ಎರಡೂ ಒಂದೇ ಬಗೆಯ ಕುಣಿ; ಭೇದವಿರುವುದು ಬಾಯಿ ತೆರೆಯುವ ವೇಳೆಯಲ್ಲಿ.

ಸಂಪತ್ತು ಎಷ್ಟು ಅಸ್ಥಿರವೆಂಬುದನ್ನು ತಿಳಿಯಲು ಪುರಾಣಕ್ಕೆ ಹೋಗಬೇಕಾಗಿಲ್ಲ. 2009ನೆಯ ಅಕ್ಟೋಬರಿನಲ್ಲಿ ಕೃಷ್ಣೆ ತುಂಗಭದ್ರೆಯರು ಉಕ್ಕಿ ಬಂದಾಗ ದಡದ ಊರುಗಳಲ್ಲಿ ತಲೆಮಾರುಗಳ ಗಳಿಕೆ ನೀರುಪಾಲಾಯಿತು. 2016ನೆಯ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳ ಚಲಾವಣೆಯನ್ನು ಸರಕಾರ ನಿಲ್ಲಿಸಿತು. ಸಾಮತಿಯಲ್ಲಿ ಆಸ್ತಿ ಉಳಿದು ಮನುಷ್ಯ ಹೋದನು; ಆ ರಾತ್ರಿ ಮನುಷ್ಯರು ಉಳಿದು ಪೆಟ್ಟಿಗೆಯೊಳಗಿನ ಹಣದ ಬೆಲೆ ಹೋಯಿತು. ಎರಡರ ಪಾಠವೂ ಒಂದೇ. ನಾವು ಯಾವುದನ್ನು ಹಿಡಿದಿದ್ದೇವೆಂದು ತಿಳಿಯುತ್ತೇವೆಯೋ ಅದು ಬೇರೊಬ್ಬರ ಒಂದು ಮಾತಿನಿಂದ ನಮ್ಮದಲ್ಲವಾಗಬಲ್ಲುದು.

ಈ ಭಾವನೆ ನಮ್ಮ ನಾಡಿಗೆ ಪರಕೀಯವೇ? ಖಂಡಿತ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಅಂದರೆ ವೃತ್ತಿಯಿಂದಲೇ ಮನೆವಾರ್ತೆಯವರು. ರಾಜನ ಬೊಕ್ಕಸವನ್ನು ಶರಣರಿಗೆ ಸುರಿಯುತ್ತಿದ್ದಾರೆಂಬ ದೂರು ಬಂದಾಗ ಲೆಕ್ಕ ನೋಡಲಾಗಿ ಎಲ್ಲವೂ ಸರಿಯಿತ್ತೆಂದು ಪುರಾಣಗಳು ಹೇಳುತ್ತವೆ. ದಾನಿಯೆಂದು ಹೆಸರಾದವರನ್ನೂ ಲೆಕ್ಕದಿಂದ ಬಿಡಲಿಲ್ಲವೆಂಬುದು ಇಲ್ಲಿಯ ಸ್ವಾರಸ್ಯ. ನಮಗೆ ಇನ್ನೂ ಹತ್ತಿರದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು. ಅವರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಒಪ್ಪಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ದಾಸೋಹಕ್ಕೇ ಬಂದುದು; ಆದರೂ ಬೇಡವೆಂದಳು. ಧರ್ಮಕಾರ್ಯದ ಹೆಸರಿನಲ್ಲಿಯೂ ಆಶೆ ಒಳಗೆ ಬರಬಲ್ಲುದೆಂದು ಆ ಬಡ ಹೆಣ್ಣುಮಗಳು ಕಂಡುಕೊಂಡಿದ್ದಳು. ಸಂಪತ್ತನ್ನು ಹೇಗೆ ಕೊಡಬೇಕೆಂದು ಸಾಮತಿಗಳು ಕೇಳಿದರೆ, ಎಷ್ಟು ತೆಗೆದುಕೊಳ್ಳಬೇಕೆಂದು ಲಕ್ಕಮ್ಮ ಕೇಳಿದಳು. ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಠಿಣವಾದುದು.

ಇನ್ನು, ಬಡವನಿಗೂ ಈ ಉಪದೇಶ ಸಲ್ಲುವುದೇ ಎಂಬ ಶಂಕೆ ಬರುತ್ತದೆ. ಇದಕ್ಕೆ ನಮ್ಮ ತೆಲಂಗಾಣದಲ್ಲಿಯೇ ಒಂದು ನಿದರ್ಶನವಿದೆ. ವೇದನಾಯಕಂ ಸ್ಯಾಮುಯೆಲ್ ಅಜರಯ್ಯನವರು 1874ರಲ್ಲಿ ತಿರುನೆಲ್ವೇಲಿ ಸೀಮೆಯಲ್ಲಿ ಹುಟ್ಟಿ, 1912ರ ಡಿಸೆಂಬರಿನಲ್ಲಿ ಆಂಗ್ಲಿಕನ್ ಸಭೆಯ ಪ್ರಪ್ರಥಮ ಭಾರತೀಯ ಬಿಷಪ್ಪರಾಗಿ, ನಿಜಾಮನ ರಾಜ್ಯದ ಡೋರ್ನಕಲ್ಲಿನಲ್ಲಿ 1945ರಲ್ಲಿ ಮರಣಹೊಂದುವವರೆಗೆ ಸೇವೆ ಸಲ್ಲಿಸಿದರು. ಅವರ ಸಭೆಯವರಲ್ಲಿ ಬಹುಮಂದಿ ಮಾಲ ಮಾದಿಗ ಕುಲಗಳ ಕೂಲಿಕಾರರು. ದಿನದ ದುಡಿಮೆ ದಿನದ ಗಂಜಿಗೆ ಸಾಲದವರು. ಆದರೂ ಕೊಡುವುದು ಪ್ರತಿಯೊಬ್ಬ ವಿಶ್ವಾಸಿಯ ಕರ್ತವ್ಯವೆಂದು ಅಜರಯ್ಯನವರು ಬೋಧಿಸಿದರು. ಈ ವಿಷಯವಾಗಿಯೇ ಒಂದು ಪುಸ್ತಕವನ್ನೂ ಬರೆದರು. ಹೆಂಗಸರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಡುತ್ತಿದ್ದರು. ಸುಗ್ಗಿಯ ಹಬ್ಬಕ್ಕೆ ಕಾಳು, ಕೋಳಿ ತಂದೊಪ್ಪಿಸುತ್ತಿದ್ದರು. 1939ರಲ್ಲಿ ಪ್ರತಿಷ್ಠೆಯಾದ ಅಲ್ಲಿಯ ದೊಡ್ಡ ದೇವಾಲಯದ ಕಥೆಯ ಹಿಂದೆ ಅಂಥ ಹಿಡಿ ಅಕ್ಕಿಯ ಕಥೆಯೂ ಇದೆ.

ಹಸಿದವರ ಗಡಿಗೆಯಿಂದ ಹಿಡಿ ಅಕ್ಕಿ ತೆಗೆಯುವುದು ನ್ಯಾಯವೇ ಎಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದುದು. ತಲೆತಲಾಂತರದಿಂದ ಬೇಡುವ ಕೈಯೆಂದೇ ಊರು ಎಣಿಸಿದ್ದ ಕೈ, ತಾನೂ ಕೊಡಬಲ್ಲೆನೆಂದು ತಿಳಿದ ದಿನ ಮೇಲೇಳುತ್ತದೆ ಎಂಬುದು ಒಂದು ಉತ್ತರ. ಎರಡು ಕಾಸು ಹಾಕಿದ ವಿಧವೆಯನ್ನು ಯೇಸು ಮೆಚ್ಚಿದ್ದೂ ಇದಕ್ಕಾಗಿಯೇ. ಆದರೆ ಈ ಉತ್ತರಕ್ಕೆ ಒಂದು ಷರತ್ತುಂಟು. ಬಡವಿಯ ಹಿಡಿ ಅಕ್ಕಿಯನ್ನು ಸ್ವೀಕರಿಸಿದವನು ಅವಳಿಗಿಂತ ನೂರು ಪಾಲು ದೊಡ್ಡ ಮನೆವಾರ್ತೆಯವನಾಗುತ್ತಾನೆ. ಆ ಅಕ್ಕಿ ಅವನ ಸ್ವಂತ ಒಲೆಗೆ ಹೋದರೆ ಅವನು ಕೊಡಬೇಕಾದ ಲೆಕ್ಕಕ್ಕೆ ಕೊನೆಯಿಲ್ಲ. ದೇವಸ್ಥಾನ, ಮಠ, ದರ್ಗಾ, ಚರ್ಚು, ಸಂಘ ಸಂಸ್ಥೆ ಯಾವುದಾದರೂ ಸರಿ, ಈ ಮಾತು ಎಲ್ಲಕ್ಕೂ ಒಂದೇ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ನಾನು ಒಡೆಯನಲ್ಲ, ಧರ್ಮದರ್ಶಿ ಮಾತ್ರ ಎಂದು ಹೇಳಿಕೊಂಡು ಸಿರಿವಂತನು ತನ್ನ ನೂರು ಎಕರೆಯನ್ನು ನೆಮ್ಮದಿಯಿಂದ ಅನುಭವಿಸಬಹುದಲ್ಲವೇ? ಗಾಂಧೀಜಿಯವರ ಧರ್ಮದರ್ಶಿತ್ವದ ತತ್ತ್ವಕ್ಕೂ ಈ ಆಕ್ಷೇಪ ಬಂದಿತ್ತು. ಅದಕ್ಕೆ ಕೃತಿಯ ಉತ್ತರ 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದೊರೆಯಿತು. ಭೂಮಿಯಿಲ್ಲದ ಹರಿಜನರು ವಿನೋಬಾ ಭಾವೆಯವರ ಮುಂದೆ 80 ಎಕರೆ ಕೇಳಿದರು. ವೆದಿರೆ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವೆನೆಂದು ಎದ್ದು ನಿಂತರು. ಭೂದಾನ ಚಳವಳಿ ಅಲ್ಲಿ ಹುಟ್ಟಿತು. ಆದರೆ ಸತ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ಮುಂದೆ ದೇಶದಾದ್ಯಂತ ಬಂದ ದಾನದ ಭೂಮಿಯಲ್ಲಿ ಎಷ್ಟೋ ಪಾಲು ಸಾಗುವಳಿಗೆ ಬಾರದ ನೆಲವಾಗಿತ್ತು. ಎಷ್ಟೋ ಪಾಲು ಕಾಗದದಲ್ಲಿಯೇ ಉಳಿದು ಬಡವನ ನೇಗಿಲಿಗೆ ಮುಟ್ಟಲಿಲ್ಲ. ಕೊಟ್ಟೆನೆಂದು ಹೇಳಿದೊಡನೆ ಮನೆವಾರ್ತೆಯವನ ಕೆಲಸ ಮುಗಿಯುವುದಿಲ್ಲ. ವಸ್ತುವು ಸೇರಬೇಕಾದವನ ಕೈ ಸೇರುವವರೆಗೂ ಹೊಣೆ ಅವನದೇ.

ಈಗ ನಿತ್ಯತ್ವದ ಮಾತಿಗೆ ಬರೋಣ. ಪರಲೋಕದಲ್ಲಿ ನೂರು ಪಟ್ಟು ದೊರೆಯುವುದೆಂದು ಇಲ್ಲಿ ಕೊಡುವುದು ಧರ್ಮವೋ ವ್ಯಾಪಾರವೋ? ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿಯಂತೆ ರೈತನಿಗೆ ಸಾಲ ಕೊಟ್ಟವನಿಗೂ, ಸ್ವರ್ಗದ ಬಡ್ಡಿಯನ್ನು ಎಣಿಸಿ ದೇವರಿಗೆ ಕೊಟ್ಟವನಿಗೂ ಮನಸ್ಸಿನಲ್ಲಿ ಬಹಳ ಅಂತರವಿಲ್ಲ. ಈ ತೊಡಕನ್ನು ಮತ್ತಾಯನ ಸುವಾರ್ತೆಯ ಕಡೆಯ ತೀರ್ಪಿನ ಚಿತ್ರವೇ ಬಿಡಿಸುತ್ತದೆ. ಹಸಿದವನಿಗೆ ಊಟ ಕೊಟ್ಟವರನ್ನು, ಬೆತ್ತಲೆಯವನಿಗೆ ಬಟ್ಟೆ ಕೊಟ್ಟವರನ್ನು ರಾಜನು ಹೊಗಳುವಾಗ ಅವರಿಗೆ ಆಶ್ಚರ್ಯವಾಗುತ್ತದೆ. ತಾವು ಯಾವಾಗ ಹಾಗೆ ಮಾಡಿದೆವೆಂದು ಅವರೇ ಕೇಳುತ್ತಾರೆ. ಅವರು ಲೆಕ್ಕ ಇಟ್ಟಿರಲಿಲ್ಲ! ಹಾಗಾದರೆ ಮನೆವಾರ್ತೆಯವನು ಲೆಕ್ಕ ಇಡಬೇಕೆಂಬ ಮಾತೇನಾಯಿತು? ವಿರೋಧವಿಲ್ಲ. ಬಂದುದರ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಬೇಕು. ಕೊಟ್ಟುದರ ಲೆಕ್ಕವನ್ನು ಬಿಡಬೇಕು. ಏನೇನು ಯಾರ್ಯಾರಿಂದ ಪಡೆದೆನೆಂದು ನೆನೆಯುವವನಿಗೆ, ತಾನು ಕೊಟ್ಟುದು ಋಣದ ಬಡ್ಡಿಗೂ ಸಾಲದೆಂದು ತಿಳಿದಿರುತ್ತದೆ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತೇವೆ. ಕೊಟ್ಟುದನ್ನು ಕಲ್ಲಿನ ಮೇಲೆ ಕೆತ್ತಿಸುತ್ತೇವೆ. ಪಡೆದುದನ್ನು ನೀರಿನ ಮೇಲೆ ಬರೆಯುತ್ತೇವೆ.

ಉಪಾಧ್ಯಾಯ ಬಂಧುಗಳೇ, ಈ ವಿಚಾರ ನಮಗೆ ಎಲ್ಲಿ ತಾಗುತ್ತದೆ? ನಮಗೆ ಕಣಜಗಳಿಲ್ಲ. ಆದರೆ ಮಳೆ ಬಂದರೂ ಬಾರದಿದ್ದರೂ ತಿಂಗಳು ತುಂಬಿದೊಡನೆ ಸಂಬಳ ತೆಗೆದುಕೊಳ್ಳುವ ನಾವು, ಹತ್ತಿ ತೊಗರಿಯನ್ನು ನಂಬಿ ಕುಳಿತ ಊರಿನಲ್ಲಿ ಐಶ್ವರ್ಯವಂತರೇ. ಆ ಹಣವನ್ನು ಅದೇ ಊರಿನ ರೈತನಿಗೆ ಹೆಚ್ಚಿನ ಬಡ್ಡಿಗೆ ಕೊಡುವ ರೂಢಿ ಸಂಬಳದಾರರಲ್ಲಿಯೂ ಉಂಟು. ಕಾನೂನಿನ ಮಾತು ಹಾಗಿರಲಿ. ಅವನ ಮಗನನ್ನು ಎದುರಿಗೆ ಕೂರಿಸಿಕೊಂಡು ನೀತಿಪಾಠ ಹೇಳುವ ಬಾಯಿಗೆ ಆ ಬಡ್ಡಿ ಹೇಗೆ ಹೊಂದೀತು? ಲಾಜರನು ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದನೆಂದು ಸಾಮತಿ ಹೇಳುತ್ತದೆ. ಐಶ್ವರ್ಯವಂತನು ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಬಾಗಿಲಲ್ಲಿ ಇರುವವನನ್ನು ಕಾಣಲಿಲ್ಲ, ಅಷ್ಟೇ. ನಮ್ಮ ಬಾಗಿಲಿನ ಲಾಜರನು ಯಾರು? ತಂದೆತಾಯಿಗಳು ಗುಳೆ ಹೋದಾಗ ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುವ ಹುಡುಗ. ಅವನು ತಿರುಗಿ ಬಂದಾಗ ಹಿಂದಿನ ಬೆಂಚಿನಲ್ಲಿ ಕೂರಿಸಿ ಸುಮ್ಮನಾಗುವುದು ಸುಲಭ. ಬಿಟ್ಟುಹೋದ ಕಾಗುಣಿತವನ್ನು ಸಂಜೆ ಅರ್ಧ ಗಂಟೆ ಕುಳಿತು ಹೇಳಿಕೊಡುವುದು ನಮ್ಮ ಹಿಡಿ ಅಕ್ಕಿ.

ಏಕೆಂದರೆ ಹಣವೊಂದೇ ಸಂಪತ್ತಲ್ಲ. ಗದ್ವಾಲ ಸೀಮೆಯ ಉತ್ತನೂರಿನ ಗೋಪಾಲದಾಸರು ಗುರುಗಳಾದ ವಿಜಯದಾಸರ ಮಾತಿನಂತೆ ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಮಾನವಿಯ ಜಗನ್ನಾಥದಾಸರಿಗೆ ಧಾರೆಯೆರೆದರೆಂದು ದಾಸ ಸಂಪ್ರದಾಯ ಹೇಳುತ್ತದೆ. ವರ್ಷಗಳನ್ನು ಹಾಗೆ ಕೊಡುವ ಶಕ್ತಿ ನಮಗಿಲ್ಲ. ಗಂಟೆಗಳನ್ನು ಕೊಡುವ ಶಕ್ತಿ ಎಲ್ಲರಿಗೂ ಇದೆ. ಶಿಕ್ಷಕನು ತರಗತಿಯಲ್ಲಿ ಕಳೆಯುವ ಪ್ರತಿಯೊಂದು ಗಂಟೆಯೂ ಮಕ್ಕಳ ಆಯುಷ್ಯದಿಂದ ತೆಗೆದುದೆಂಬುದನ್ನು ಮರೆಯಬಾರದು. ಭಾಷೆಯೂ ಅಂಥದೇ ಸಂಪತ್ತು. 1956ರಲ್ಲಿ ರಾಜ್ಯಗಳ ಎಲ್ಲೆ ಬದಲಾಗಿ ರಾಯಚೂರು ಗಡಿಯ ಆಚೆಯಾಯಿತು, ಕೃಷ್ಣಾ, ಮಕ್ತಲ, ಗದ್ವಾಲಗಳು ಈಚೆಯಾದವು. ಆದರೂ ಮನೆಯಲ್ಲಿ ಕನ್ನಡ ಉಳಿಯಿತು. ಅದನ್ನು ನಾವು ಹುಟ್ಟಿಸಲಿಲ್ಲ, ಪಡೆದೆವು. ನೆಲದಲ್ಲಿ ಹೂತಿಡದೆ ಮುಂದಿನವರ ಕೈಗೆ ಬೆಳೆಸಿ ಕೊಡುವುದು ನಮ್ಮ ಪಾಲಿನ ತಲಾಂತು.

ವಿದ್ಯಾರ್ಥಿಗಳೇ, ನಿತ್ಯತ್ವದ ಸಿದ್ಧತೆ ಮುದುಕರ ಕೆಲಸವೆಂದು ತಿಳಿಯಬೇಡಿರಿ. ಸಾಲವಾಗಿ ತಂದ ಪುಸ್ತಕವನ್ನು ಹರಿಯದೆ ಹಿಂದಿರುಗಿಸುವುದು, ತಟ್ಟೆಯಲ್ಲಿ ಅನ್ನ ಬಿಡದಿರುವುದು, ತನಗೆ ಬಂದ ಲೆಕ್ಕವನ್ನು ಬಾರದವನಿಗೆ ತಿಳಿಸುವುದು, ಇವುಗಳಿಂದಲೇ ಅದು ಮೊದಲಾಗುತ್ತದೆ. ಆತ್ಮ, ಪರಲೋಕಗಳ ವಿಷಯದಲ್ಲಿ ಮತಮತಗಳಿಗೆ ಭೇದವಿರಬಹುದು. ಲೆಕ್ಕ ಕೊಡುವ ದಿನವೊಂದುಂಟೆಂಬುದರಲ್ಲಿ ಭೇದವಿಲ್ಲ. ಆ ದಿನ ಎಷ್ಟು ಉಳಿಸಿದೆಯೆಂದು ಯಾರೂ ಕೇಳುವುದಿಲ್ಲ. ಯಾರ ಪಾಲು ನಿನ್ನಲ್ಲಿತ್ತು, ಅದು ಅವರಿಗೆ ಮುಟ್ಟಿತೇ ಎಂದು ಕೇಳುವರು. ಮುಟ್ಟಿಸಬೇಕಾದುದನ್ನು ಇಂದೇ ಮುಟ್ಟಿಸೋಣ.