ಹೆಳವರ ಪುಸ್ತಕದಲ್ಲಿ ಇಲ್ಲದವರು

ಅಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ಊರಿಂದ ಕಾಕಾ ಫೋನ್ ಮಾಡಿದ. "ತಮ್ಮಾ, ಹೊಲ ಇನ್ನೂ ಅಜ್ಜನ ಹೆಸರಿಗೇ ಐತಿ. ಪೌತಿ ಖಾತೆ ಮಾಡ್ಸಬೇಕು, ಅದಕ್ಕ ವಂಶಾವಳಿ ಬೇಕು. ನಿಮ್ಮಪ್ಪಂದು ಡೆತ್ ಸರ್ಟಿಫಿಕೇಟು, ನಿಂದು ಆಧಾರ್ ವಾಟ್ಸ್ಯಾಪ್ ಮಾಡು."

ನಾನು ಆಫೀಸಿನ ಕಾಲ್ ಮ್ಯೂಟ್ ಮಾಡಿ ಕೇಳಿದೆ, "ಅತ್ತೀದು ಬ್ಯಾಡೇನು?"

"ಅಕ್ಕಂದು ಹಾಕೂದು ಬ್ಯಾಡ. ಹೆಸರು ಹಾಕಿದ್ರ ಸಹಿ ಬೇಕಾಕ್ಕತಿ. ಸಹಿ ಅಂದ್ರ ಅಳಿಯಂದ್ರು ಎದ್ದು ಕುಂದರ್ತಾರ. ಊರಾಗ ಎಲ್ಲಾರೂ ಹಿಂಗ ಮಾಡ್ಯಾರ."

"ಆಯ್ತು ಕಾಕಾ" ಅಂದೆ. ಸಂಜೆ ಆಧಾರ್ ಕಳಿಸಿಯೂ ಬಿಟ್ಟೆ. ಈ ಬರಹ ಆ "ಆಯ್ತು" ಬಗ್ಗೆ.

ನಮ್ಮ ಹಾನಗಲ್ ಕಡೆ ವಂಶಾವಳಿ ಅಂದರೆ ಮೊದಲು ನೆನಪಾಗೋದು ಕಚೇರಿಯಲ್ಲ, ಹೆಳವರು. ಹೆಳವ ಅಂದರೆ ಕಾಲಿಲ್ಲದವ, ಕುಂಟ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು ಮನೆತನದ ಹೆಸರುಗಳನ್ನು ತಲೆಮಾರುಗಟ್ಟಲೆ ಹೇಳುವುದು ಅವರ ಕಸುಬು. ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ, ಹಳೆಯ ಹೆಸರುಗಳನ್ನು ಓದುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸುತ್ತಾರೆ. ಕಾಳು, ಬಟ್ಟೆ, ದುಡ್ಡು, ಕೈ ದೊಡ್ಡದಿದ್ದ ಮನೆಯಲ್ಲಿ ಒಂದು ಕರು ಪಡೆದು ಮುಂದಿನ ಊರಿಗೆ ಹೋಗುತ್ತಾರೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬಂದದ್ದು ಚೆನ್ನಾಗಿ ನೆನಪಿದೆ. ಭತ್ತದ ಸುಗ್ಗಿ ಮುಗಿದಿತ್ತು. ಅಜ್ಜ ಪಡಸಾಲೆಯಲ್ಲಿ ಕಂಬಳಿ ಹಾಸಿದ. ಹೆಳವರ ಮುದುಕ ಕೆಂಪು ಅರಿವೆ ಬಿಚ್ಚಿ ದಪ್ಪ ಪುಸ್ತಕ ತೆಗೆದು, ರಾಗವಾಗಿ ಶುರು ಮಾಡಿದ. ನನ್ನ ಮೇಲೆ ಹತ್ತು ಹೆಸರು. ನಡುವೆ ಒಂದು ಕಥೆ: ಧಾತು ಈಶ್ವರ ಬರದಾಗ ಎರಿಸೀಮಿ ಬಿಟ್ಟು, ಉಳಿದ ಒಂದು ಎತ್ತು ಹೊಡಕೊಂಡು ಬಂದು, ಇಲ್ಲಿ ಕಾಡು ಕಡದು ಹೊಲಾ ಮಾಡಿದಾಂವ ನಿನ್ನ ಮುತ್ತಜ್ಜನ ಅಪ್ಪ. ಧಾತು, ಈಶ್ವರ ಅಂದರೆ ಸಂವತ್ಸರದ ಹೆಸರು, 1876-78ರ ದೊಡ್ಡ ಬರ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಗೊತ್ತಾದದ್ದು ಇಷ್ಟೇ: ನಾವು ಸುಮ್ಮನೆ ಇಲ್ಲಿದ್ದವರಲ್ಲ, ಎಲ್ಲಿಂದಲೋ ಬಂದು ಗೆದ್ದವರು. ಮೈ ಜುಂ ಅಂದಿತ್ತು.

ಆಮೇಲೆ ಮುದುಕ ನನ್ನ ಹೆಸರು ಕೇಳಿ ಬರೆದುಕೊಂಡ. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. "ನಂದು?" ಅಂದಳು. ಮುದುಕ ಪ್ರೀತಿಯಿಂದಲೇ ಹೇಳಿದ, "ನಿಂದು ನೀ ಹೋಗೂ ಮನ್ಯಾಗ ಬರೀತಾರವ್ವಾ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಒಂದು ರಜೆಯಲ್ಲಿ ಆ ಹತ್ತು ಹೆಸರನ್ನೂ, ಅವುಗಳ ಕವಲುಗಳನ್ನೂ ಎಕ್ಸೆಲ್‌ಗೆ ಹಾಕಿದೆ. ಆಮೇಲೆ ಅಮೆರಿಕಕ್ಕೆ ಆನ್‌ಸೈಟ್ ಹೋದಾಗ ನನ್ನ ಈ ಹುಚ್ಚಿಗೆ ಜೊತೆ ಸಿಕ್ಕಿತು. ಕ್ಲೈಂಟ್ ಕಡೆಯ ಒಬ್ಬ ಹಿರಿಯ ಎಂಜಿನಿಯರ್, ಕೆಂಟಕಿಯವನು. ಅವನ ಪೂರ್ವಜರು 1780ರ ದಶಕದಲ್ಲಿ ಅಪಲೇಚಿಯನ್ ಬೆಟ್ಟ ದಾಟಿ ಬಂದವರು. ಬಂದದ್ದು ಕಂಬರ್ಲೆಂಡ್ ಗ್ಯಾಪ್ ಎಂಬ ಕಣಿವೆಯ ಮೂಲಕ, 1775ರಲ್ಲಿ ಡೇನಿಯಲ್ ಬೂನ್‌ನ ತಂಡ ಕಾಡು ಕಡಿದು ಮಾಡಿದ ದಾರಿಯಲ್ಲಿ. ಕೊಡಲಿ, ಎತ್ತು, ಕಾಡು, ಮೊದಲ ಹೊಲ. ನನ್ನ ಮುತ್ತಜ್ಜನ ಅಪ್ಪನ ಕಥೆಯನ್ನೇ ಯಾರೋ ಇಂಗ್ಲಿಷಿನಲ್ಲಿ ಹೇಳಿದ ಹಾಗಿತ್ತು.

ಎರಡೂ ಕಥೆಗಳಲ್ಲಿ ಒಂದೇ ತೂತು ಕೂಡ ಇತ್ತು. ಅವನ ಪೂರ್ವಜರು ಬಂದ ನೆಲ ಖಾಲಿ ಇರಲಿಲ್ಲ. ಅದು ಶಾನಿ, ಚೆರೋಕೀ ಜನ ಬೇಟೆಯಾಡುತ್ತಿದ್ದ ನೆಲ. ನಮ್ಮ ಹೊಲದ ಬದುವಿನ ಮೇಲೂ ಒಂದು ವೀರಗಲ್ಲಿದೆ. ನಮ್ಮವರು "ಮೊದಲ ಸಲ" ಕಾಡು ಕಡಿಯುವ ಎಷ್ಟೋ ನೂರು ವರ್ಷ ಮುಂಚೆ ಅಲ್ಲಿ ದನ ಉಳಿಸಲು ಹೋಗಿ ಒಬ್ಬ ಸತ್ತಿದ್ದ. ಅಂದರೆ ಅಲ್ಲಿ ಊರಿತ್ತು, ದನ ಇತ್ತು, ಕಲ್ಲು ನಿಲ್ಲಿಸಲು ಅಳುವವರೂ ಇದ್ದರು. ನಾವು ಆ ಕಲ್ಲಿಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತೇವೆ, ಯಾರದು ಅಂತ ಕೇಳಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಅಮೆರಿಕದ ಹಳೆಯ ಜನಗಣತಿಯ ಹಾಳೆಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. 1790ರ ಮೊದಲ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ ಮಕ್ಕಳೆಲ್ಲ ಬರೀ ಸಂಖ್ಯೆ. ಸ್ವತಂತ್ರರಾದ ಎಲ್ಲರ ಹೆಸರು ಬರೆಯೋಕೆ ಶುರು ಮಾಡಿದ್ದು 1850ರಲ್ಲಿ. ಆಗಲೂ ಗುಲಾಮರಿಗೆ ಬೇರೆ ಹಾಳೆ. ಅದರಲ್ಲಿ ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಸಾಮಾನ್ಯವಾಗಿ ಹೆಸರಿಲ್ಲ. ಬಿಡುಗಡೆಯಾದ ಆ ಜನರೆಲ್ಲ ಗಣತಿಯಲ್ಲಿ ಹೆಸರಿನೊಂದಿಗೆ ಕಾಣಿಸಿಕೊಳ್ಳುವುದು 1870ರಲ್ಲಿ. ಅದಕ್ಕೇ ಇವತ್ತಿಗೂ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ವಂಶ ಹುಡುಕುತ್ತಾ ಹೋದರೆ 1870ರಲ್ಲಿ ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ಅವನು ತೋರಿಸಿದ ಹಾಳೆಯಲ್ಲಿ ಅವನ ಪೂರ್ವಜನ ಹೆಸರಿನ ಕೆಳಗೆ ಮೂರು ಸಾಲು ಇದ್ದವು. ಒಂದು ಹೆಂಗಸು, ಒಬ್ಬ ಹುಡುಗ, ಒಂದು ಮೂರು ವರ್ಷದ ಹೆಣ್ಣುಮಗು.

"ಇವರನ್ನ ನನ್ನ ಮರದಲ್ಲಿ ಎಲ್ಲಿ ಹಾಕಬೇಕು ಅಂತ ಗೊತ್ತಾಗ್ತಿಲ್ಲ" ಅಂದ. ಅವನು ಬಳಸುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ಅವರಿಗೆ ಡಬ್ಬಿ ಇರಲಿಲ್ಲ.

ಆ ರಾತ್ರಿ ನನ್ನ ಎಕ್ಸೆಲ್ ತೆಗೆದೆ. ಮೂರೇ ಕಾಲಂ: ಕ್ರಮಸಂಖ್ಯೆ, ಹೆಸರು, ತಂದೆ. ತಾಯಿ ಅನ್ನೋ ಕಾಲಮ್ಮೇ ನಾನು ಮಾಡಿರಲಿಲ್ಲ. ಯಾರೂ ನನಗೆ ಬೇಡ ಅಂದಿರಲಿಲ್ಲ, ನನಗೇ ಹೊಳೆದಿರಲಿಲ್ಲ. ಲೆಕ್ಕ ಹಾಕಿ ನೋಡಿ: ಹತ್ತು ತಲೆಮಾರು ಮೇಲೆ ಹೋದರೆ ಆ ಒಂದು ಮೆಟ್ಟಿಲಲ್ಲೇ 1024 ಜನರ ಜಾಗ ಇರುತ್ತದೆ. ಎಲ್ಲ ಮೆಟ್ಟಿಲು ಕೂಡಿಸಿದರೆ 2046. ನಾನು ಹೆಮ್ಮೆಪಡುತ್ತಿದ್ದ ಪುಟದಲ್ಲಿ ಇದ್ದದ್ದು ಹತ್ತು. ಉಳಿದವರೂ ಅಷ್ಟೇ ಬರ ಕಂಡವರು, ಅಷ್ಟೇ ನಡೆದು ಬಂದವರು.

ಆಳುವವರ ವಂಶಾವಳಿಯೂ ಬೇರೆ ಥರ ಇಲ್ಲ. ಹಾನಗಲ್ಲು ಅಂದಿನ ಪಾನುಂಗಲ್ಲು, ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ಹಿರೇಕೆರೂರು ದಾಟಿದರೆ ಸಿಗುವ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ 5ನೇ ಶತಮಾನದ ಕಂಬದ ಶಾಸನವಿದೆ. ಅದರ ಪ್ರಕಾರ ಮನೆತನದ ಮೂಲಪುರುಷ ಮಯೂರಶರ್ಮ, ಓದಲು ಕಂಚಿಗೆ ಹೋಗಿ ಅಲ್ಲಿ ಅವಮಾನವಾಗಿ ಕತ್ತಿ ಹಿಡಿದ ಬ್ರಾಹ್ಮಣ ಹುಡುಗ. ಆರು ನೂರು ವರ್ಷದ ನಂತರ ಗೋವೆಯ, ಹಾನಗಲ್ಲಿನ ಕದಂಬರ ಶಾಸನಗಳಿಗೆ ಬಂದರೆ ಮೂಲಪುರುಷನಿಗೆ ಮೂರು ಕಣ್ಣು, ನಾಲ್ಕು ತೋಳು. ಶಿವನ ಬೆವರ ಹನಿ ಕದಂಬ ಮರದ ಬುಡಕ್ಕೆ ಬಿದ್ದು ಹುಟ್ಟಿದವನು. ಅಜ್ಜನಿಗೆ ಅಜ್ಜನನ್ನು ಮೊಮ್ಮಕ್ಕಳು ಆರಿಸಿಕೊಂಡರು. ಇದೇ ಸೀಮೆಯಲ್ಲಿ, ಶಿಗ್ಗಾಂವಿಯ ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ಹಮ್ಮನ್ನೇ ಪ್ರಶ್ನೆ ಮಾಡಿ ಹೋದರು. ಆದರೂ ನಾವು ಪುಸ್ತಕ ಬಿಚ್ಚುವುದು ಬಿಟ್ಟಿಲ್ಲ.

ಬಿಡಬೇಕಾಗಿಯೂ ಇಲ್ಲ ಅಂತಲೇ ನನ್ನ ಅನಿಸಿಕೆ. ಎಲ್ಲಿಂದ ಬಂದೆ ಅಂತ ಕೇಳುವುದು ತಪ್ಪಲ್ಲ. ಹೆಳವರ ಪುಸ್ತಕ ಸುಳ್ಳು ಹೇಳುವುದೂ ಇಲ್ಲ. ಅದು ಹತ್ತು ಹೆಸರು ಹೇಳುತ್ತದೆ, ಉಳಿದದ್ದರ ಬಗ್ಗೆ ಸುಮ್ಮನಿರುತ್ತದೆ. "ಇವರಷ್ಟೇ" ಅಂತ ಅದು ಎಲ್ಲೂ ಬರೆದಿಲ್ಲ. ಹಾಗೆ ಬರೆದಿರುವುದು ಕಾಕಾ ಮಾಡಿಸಲು ಹೊರಟಿದ್ದ ಅಫಿಡವಿಟ್‌ನಲ್ಲಿ: ಮೇಲ್ಕಂಡವರನ್ನು ಬಿಟ್ಟು ಮೃತರಿಗೆ ಬೇರೆ ವಾರಸುದಾರರು ಇರುವುದಿಲ್ಲ. ಅದರ ಕೆಳಗೆ ಸಹಿ. ಹೆಸರು ಬಿಟ್ಟುಹೋಗುವುದು ಒಂದು, ಇಲ್ಲ ಅಂತ ಪ್ರಮಾಣ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಹಿರಿಯರು ಸಿಕ್ಕಿಕೊಳ್ಳುತ್ತಾರೆ, ಅವರನ್ನು ಕೇಳೋಕಾಗಲ್ಲ. ಎರಡನೆಯದರಲ್ಲಿ ಸಿಕ್ಕಿಕೊಳ್ಳುವುದು ನಾನು.

ಕಾಕಾನನ್ನು ಖಳನಾಯಕ ಮಾಡಿ ಬರೆದರೆ ಈ ಬರಹ ಸಲೀಸಾಗುತ್ತಿತ್ತು. ಆದರೆ ಅಂವ ಖಳನಲ್ಲ. ನಾನು ಹುಬ್ಬಳ್ಳಿಯಲ್ಲಿ ಓದುವಾಗ ಫೀ ಕಟ್ಟಿದ್ದು ಅವನು ಬೆಳೆದ ಗೋವಿನಜೋಳ. ಆರೂವರೆ ಎಕರೆಯಲ್ಲಿ ಮಳೆ ಹೋದ ವರ್ಷದ ಸಾಲವೂ ಅವನದೇ. ಅವನ ವಾದ: ಅಕ್ಕಗ ಬಂಗಾರ ಹಾಕೇವಿ, ಮದುವಿ ಮಾಡೇವಿ, ಪ್ರತಿ ಪಂಚಮಿಗೆ ಕರದು ಸೀರಿ ಉಡಸೇವಿ, ಇನ್ನ ಹೊಲಾನೂ ಹರದು ಕೊಟ್ರ ನಾ ಉಣ್ಣೂದೇನು? ಇದಕ್ಕೆ ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ. ತಿಂಗಳ ಒಂದನೇ ತಾರೀಖು ಸಂಬಳ ಬೀಳುವವನು, ಇನ್ನೊಬ್ಬನ ಹೊಟ್ಟೆಯ ಹೊಲದ ಮೇಲೆ ನಿಂತು ನ್ಯಾಯ ಮಾತಾಡುವುದು ಸುಲಭ. ನಮ್ಮ ಪೀಳಿಗೆಯ ಎಷ್ಟೋ ಆದರ್ಶಗಳ ಬಿಲ್ಲನ್ನು ಊರಲ್ಲಿ ಉಳಿದವರು ಕಟ್ಟುತ್ತಾರೆ.

ಕಾನೂನಿನಲ್ಲಿ ಗೊಂದಲವಿಲ್ಲ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಪಾಲಿಗೆ ಮಗಳೂ ವಾರಸುದಾರಳು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಅವಳಿಗೆ ಹುಟ್ಟಿನಿಂದಲೇ ಮಗನಷ್ಟು ಹಕ್ಕು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದರೆ ಕಾನೂನು ನನ್ನ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು ಒಂದು ಸಣ್ಣ ವಿಷಯ. ಅತ್ತಿಯ ಹೆಸರು ಬಿಟ್ಟರೆ ಹೆಂಗೆ ಅಂತ ಯೋಚಿಸುತ್ತಿದ್ದವನು, ನಮ್ಮಪ್ಪನ ಕವಲಿನಲ್ಲಿ ನಾನೇ ಕಳಿಸಿದ್ದು ಯಾರ ಆಧಾರ್ ಅಂತ ನೋಡಿಕೊಂಡೆ. ನನ್ನದೊಂದೇ. ಅವ್ವಂದಿಲ್ಲ, ಅಕ್ಕಂದೂ ಇಲ್ಲ. ಕಂಬಕ್ಕೆ ಒರಗಿ ನಿಂತಿದ್ದವಳನ್ನು ನಾನು ಎರಡನೇ ಸಲ ಬಿಟ್ಟಿದ್ದೆ.

ಪಂಚಮಿಗೆ ಊರಿಗೆ ಹೋದೆ. ಅತ್ತಿ ತವರಿಗೆ ಬಂದಿದ್ದಳು. ಕಾಕಾನೂ ಇದ್ದಾಗಲೇ, ಅಳ್ಳಿಟ್ಟಿನ ಉಂಡಿ ತಿನ್ನುತ್ತಾ ವಿಷಯ ತೆಗೆದೆ. ಅತ್ತಿ ಜಗಳ ಮಾಡುತ್ತಾಳೆ, ಇಲ್ಲವೇ "ನನಗೇನೂ ಬ್ಯಾಡ" ಅಂತ ಕಣ್ಣೀರು ಹಾಕುತ್ತಾಳೆ ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಕಾನ ಕಡೆ ನೋಡಿ ಹೇಳಿದಳು:

"ತಗೋತೀನೋ ಬಿಡ್ತೀನೋ, ಅದು ಆಮ್ಯಾಲಿನ ಮಾತು. ಇಲ್ಲಂತ ಬರದ್ರ ಹೆಂಗೋ ತಮ್ಮಾ? ನಾ ಇಲ್ಲೇ ಕುಂತೇನಲ್ಲ."

ಕಾಕಾ ಎದ್ದು ದನದ ಮನೆಗೆ ಹೋದ. ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಕೊನೆಗೆ ಎಲ್ಲರ ಹೆಸರೂ ಹಾಕಿ ವಂಶಾವಳಿ ಮಾಡಿಸಿದೆವು. ವಾಟ್ನಿ ಇನ್ನೂ ಆಗಿಲ್ಲ. ಅಪ್ಪನ ಪಾಲಿನ ಸಾಗುವಳಿ ಕಾಕಾನೇ ಮಾಡಲಿ ಅಂತ ನಾನು, ಅವ್ವ, ಅಕ್ಕ ಒಪ್ಪಿದ್ದೇವೆ. ನಾನು ನ್ಯಾಯ ಮಾತಾಡಿದ್ದರ ಖರ್ಚು ಮೊದಲು ನಮ್ಮ ಕಡೆಯಿಂದಲೇ ಹೋಗಬೇಕಲ್ಲ. ಅತ್ತಿ ಏನು ಕೇಳುತ್ತಾಳೋ ಗೊತ್ತಿಲ್ಲ. ಕೇಳಿದರೆ ಕೊಡಬೇಕು. ಮನೆಯಲ್ಲಿ ಮೊದಲಿನ ಸಲಿಗೆ ಇಲ್ಲ ಅನ್ನೋದನ್ನೂ ಇಲ್ಲಿ ಮುಚ್ಚಿಡಲಾರೆ.

ಕಾಗದ ಹುಡುಕುವಾಗ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. ಬೀಜ, ಗೊಬ್ಬರ, ಎತ್ತಿನ ಹೆಸರು ಸಮೇತ ಅವುಗಳ ಹಿಂಡಿಯ ಖರ್ಚು. ಅದೇ ಪುಟದಲ್ಲಿ: "ಆಳಿಗೆ, ಭತ್ತ 4 ಚೀಲ." ವರ್ಷ ವರ್ಷವೂ ಹಾಗೇ. ಎತ್ತಿಗೆ ಹೆಸರಿದೆ, ಆಳಿಗಿಲ್ಲ. ಕೆಂಟಕಿಯದೂ ನಮ್ಮದೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಆ ಮೂರು ಸಾಲು ಓದಿದ ಕಣ್ಣಿನಿಂದಲೇ ಇದನ್ನೂ ಓದಬೇಕಾಯ್ತು. ಆ ಆಳಿನ ಮೊಮ್ಮಗ ಈಗ ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಾನೆ. ಫೋನ್ ಮಾಡಿ ಅವನ ಅಜ್ಜನ ಹೆಸರು ಕೇಳಿದೆ. ಹೇಳಿದ. "ಅವರಪ್ಪಂದು?" ಅಂದೆ. "ಅದ್ಯಾರಿಗ್ ಗೊತ್ರೀ ಅಣ್ಣಾರ? ನಮ್ಮ ಮನಿಗೆ ಹೆಳವ್ರು ಬರ್ತಿದ್ದಿಲ್ಲ" ಅಂದ.

ಈ ಜನವರಿಯಲ್ಲಿ ಹೆಳವರು ಬಂದಿದ್ದರು. ಆ ಮುದುಕನ ಮಗ, ಎತ್ತಿನ ಬದಲು ಬೈಕು, ಪುಸ್ತಕ ಮಾತ್ರ ಅದೇ ಕೆಂಪು ಅರಿವೆಯಲ್ಲಿ. ನನ್ನ ಮಗನ ಹೆಸರು ಬರೆದುಕೊಂಡ. ಅತ್ತಿಯದು, ಅಕ್ಕನದು, ನನ್ನ ಮಗಳದೂ ಬರೆಯಿರಿ ಅಂದೆ. ಅಂವ ಪುಟ ತಿರುಗಿಸಿ ಮುರುಗಿಸಿ ನೋಡಿದ. ಬೇಡ ಅನ್ನಲಿಲ್ಲ.

"ಬರೀತೀನ್ರೀ," ಅಂದ, "ಆದ್ರ ಎಲ್ಲಿ ಬರೀಲಿ?"

ಪುಟದ ಬಲಗಡೆ ಅಂಚಿನಲ್ಲಿ ಒಂದಿಷ್ಟು ಜಾಗ ಇತ್ತು. ಅಲ್ಲೇ ಬರೆಸಿದೆ. ಅಕ್ಷರ ಸ್ವಲ್ಪ ಇಕ್ಕಟ್ಟಾಗಿವೆ, ಆದರೆ ಓದಬಹುದು.