ಹೃದಯದಿಂದ ಮರೆಯಾದ ಮೂರ್ತಿ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಕಳೆದ ಚಾತುರ್ಮಾಸ್ಯದಲ್ಲಿ ಡೊಂಬಿವಲಿಯ ಭಕ್ತರೊಬ್ಬರ ಮನೆಯಲ್ಲಿ ಶ್ರೀಮದ್ಭಾಗವತದ ಉಪನ್ಯಾಸ ಮುಗಿದು, ಮಂಗಳಾರತಿಯಾಗಿ, ಎಲ್ಲರೂ ತೀರ್ಥಪ್ರಸಾದಕ್ಕೆ ಏಳುತ್ತಿದ್ದರು. ಆ ಮನೆಯ ಹಿರಿಯ ತಾಯಿಯೊಬ್ಬರು ನಮ್ಮ ಬಳಿಗೆ ಬಂದು, ಇತರರಿಗೆ ಕೇಳಿಸದಂತೆ, ಒಂದು ಮಾತು ಕೇಳಿದರು. "ರಾಯರೇ, ಮೂವತ್ತು ವರ್ಷಗಳಿಂದ ದಿನವೂ ದೇವರ ಮುಂದೆ ಕುಳಿತು ನಾಮಜಪ ಮಾಡುತ್ತಿದ್ದೇನೆ. ಧ್ಯಾನ ಮಾಡುವಾಗ ಬೆಳಕು ಕಂಡಿತು, ಮೈಮರೆಯಿತು ಎಂದು ಏನೇನೋ ಹೇಳುವವರಿದ್ದಾರೆ. ನನಗೆ ಒಂದೂ ಕಂಡಿಲ್ಲ. ಮೊದಲು ಕೃಷ್ಣನ ಮುಖವಾದರೂ ಮನಸ್ಸಿನಲ್ಲಿ ನಿಲ್ಲುತ್ತಿತ್ತು, ಈಗ ಅದೂ ನಿಲ್ಲುವುದಿಲ್ಲ. ಎಲ್ಲಿ ತಪ್ಪಿದೆ?" ಪಕ್ಕದಲ್ಲಿದ್ದ ಅವರ ಮೊಮ್ಮಗನು, "ಅಜ್ಜೀ, ನಮ್ಮ ಕ್ಲಾಸಿನಲ್ಲಿ ಏನನ್ನೂ ನೋಡಬಾರದು ಅಂತ ಹೇಳಿಕೊಡುತ್ತಾರೆ. ಮನಸ್ಸು ಖಾಲಿಯಾದರೆ ಅದೇ ಸಮಾಧಿ" ಎಂದನು.

ಊಟಕ್ಕೆ ಎಲೆ ಹಾಕಿದ್ದ ಸಮಯ. ಅಜ್ಜಿಗೂ ಮೊಮ್ಮಗನಿಗೂ ಸರಿಯಾದ ಉತ್ತರವನ್ನು ಕೊಡಲು ಅಂದು ನಮ್ಮಿಂದಾಗಲಿಲ್ಲ. ಆ ಋಣವನ್ನು ಈ ಪುಟಗಳಲ್ಲಿ ತೀರಿಸಲು ಯತ್ನಿಸುತ್ತೇವೆ.

ಮೊದಲು ಮೊಮ್ಮಗನ ಮಾತು. ಮನಸ್ಸನ್ನು ಬರಿದುಮಾಡುವುದೇ ಧ್ಯಾನದ ಗುರಿಯಾಗಿದ್ದರೆ ನಾವು ಯಾರೂ ಶ್ರಮಪಡಬೇಕಾಗಿರಲಿಲ್ಲ. ಪ್ರತಿರಾತ್ರಿಯೂ ಗಾಢನಿದ್ರೆಯಲ್ಲಿ ಮನಸ್ಸು ಬರಿದಾಗುತ್ತದೆ. ಆಗ ಜೀವನು ಪ್ರಾಜ್ಞನೆಂಬ ಭಗವದ್ರೂಪದ ಆಶ್ರಯದಲ್ಲಿಯೇ ಇರುತ್ತಾನೆಂದು ಉಪನಿಷತ್ತು ಹೇಳುತ್ತದೆ. ಅಷ್ಟು ಸಮೀಪದಲ್ಲಿದ್ದರೂ ಬೆಳಗಾದೊಡನೆ ನಾವು ಅದೇ ನಾವಾಗಿ, ಅದೇ ಕೋಪತಾಪಗಳೊಡನೆ ಏಳುತ್ತೇವೆ. ಏಕೆ? ಸಾಮೀಪ್ಯವಿತ್ತು, ತಿಳಿವಳಿಕೆ ಇರಲಿಲ್ಲ. ಮನಸ್ಸಿಗೆ ವಿಶ್ರಾಂತಿ ದೊರೆಯುವುದು ಒಳ್ಳೆಯದೇ. ರಕ್ತದೊತ್ತಡಕ್ಕೂ ಅದು ಹಿತವೆಂದು ವೈದ್ಯರು ಹೇಳಿದರೆ ನಾವು ವಾದಿಸುವುದಿಲ್ಲ. ಆದರೆ ವಿಶ್ರಾಂತಿಗೆ ಸಮಾಧಿಯೆಂಬ ಹೆಸರು ಕೊಡುವುದು ಸಲ್ಲದು.

ಶ್ರೀಮದಾಚಾರ್ಯರು ಉಪಾಸನೆಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಶಾಸ್ತ್ರಾಭ್ಯಾಸವು ಒಂದು, ಧ್ಯಾನವು ಇನ್ನೊಂದು. ಶಾಸ್ತ್ರಾಭ್ಯಾಸವೂ ಉಪಾಸನೆಯೇ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸಿಲ್ಲ. ಉಪನ್ಯಾಸ ಕೇಳುತ್ತ ಕುಳಿತ ಗೃಹಿಣಿಯೂ ಉಪಾಸನೆಯಲ್ಲಿಯೇ ಇದ್ದಾಳೆ. ಧ್ಯಾನವೆಂದರೆ ಬೇರೆ ವಿಷಯಗಳಲ್ಲಿ ಆದರವನ್ನು ಬಿಟ್ಟು ಭಗವಂತನೊಬ್ಬನನ್ನೇ ಕುರಿತು ನಡುವೆ ಕಡಿಯದೆ ಹರಿಯುವ ಸ್ಮರಣೆ. ಸ್ಮರಣೆ ಎಂಬ ಪದವನ್ನು ಗಮನಿಸಬೇಕು. ಕಂಡು ಅಥವಾ ಕೇಳಿ ತಿಳಿದುದನ್ನು ಮಾತ್ರ ಸ್ಮರಿಸಲು ಸಾಧ್ಯ. ಆದುದರಿಂದಲೇ ಶ್ರವಣ ಮೊದಲು, ಮನನ ಅನಂತರ, ನಿದಿಧ್ಯಾಸನ ಆಮೇಲೆ. ಕೇಳದವನು ಏನನ್ನು ನೆನೆದಾನು?

ಹಾಗಾದರೆ ಭಗವಂತನ ಅನಂತಗುಣಗಳನ್ನೆಲ್ಲ ನೆನೆಯಬೇಕೇ ಎಂದು ಹೆದರಬೇಕಾಗಿಲ್ಲ. ಸಕಲಗುಣಗಳ ಉಪಾಸನೆ ಚತುರ್ಮುಖನೊಬ್ಬನಿಗೇ ಶಕ್ಯ. ದೇವತೆಗಳಿಗೆ ಅವರವರ ಯೋಗ್ಯತೆಯಂತೆ ಅನೇಕ ಗುಣಗಳು. ಮನುಷ್ಯರಿಗೆ ಸತ್, ಚಿತ್, ಆನಂದ, ಆತ್ಮ ಎಂಬ ನಾಲ್ಕು ಸಾಕೆಂದು ಆಚಾರ್ಯರು ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯದಲ್ಲಿ ಪ್ರಮಾಣಸಹಿತ ತೋರಿಸಿದ್ದಾರೆ. ಅವನು ದೋಷದೂರನು, ಜ್ಞಾನಸ್ವರೂಪನು, ಆನಂದಸ್ವರೂಪನು, ನನ್ನ ಸ್ವಾಮಿ. ಇಷ್ಟನ್ನು ಹಿಡಿದುಕೊಂಡು ಕುಳಿತರೆ ಮನಸ್ಸು ಖಾಲಿಯಾಗುವುದಿಲ್ಲ, ತುಂಬಿಕೊಳ್ಳುತ್ತದೆ.

ಊರು ಬಿಟ್ಟು ಬಂದವರಾದ ನಮ್ಮೆಲ್ಲರ ಇನ್ನೊಂದು ದೂರಿದೆ. ಉಡುಪಿಯಲ್ಲಿಯೋ ಸೋದೆಯಲ್ಲಿಯೋ ಇದ್ದಿದ್ದರೆ ಧ್ಯಾನ ಸಾಧ್ಯವಾಗುತ್ತಿತ್ತು, ಈ ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ, ಮೇಲೊಂದು ಕುಕ್ಕರಿನ ಸೀಟಿ, ಕೆಳಗೊಂದು ಲೋಕಲ್ ಗಾಡಿಯ ಸದ್ದು, ಇಲ್ಲಿ ಎಲ್ಲಿಯ ಧ್ಯಾನ ಎಂಬುದು. ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ವಿಚಾರವೇ ಬಂದಿದೆ. ಕುಳಿತು ಮಾಡಬೇಕೆಂಬುದುಂಟು. ಆದರೆ ಸ್ಥಳದ ವಿಷಯದಲ್ಲಿ, ಎಲ್ಲಿ ಚಿತ್ತಕ್ಕೆ ಏಕಾಗ್ರತೆ ಒದಗುವುದೋ ಅದೇ ತಕ್ಕ ಸ್ಥಳವೆಂದು ಸೂತ್ರಕಾರರ ನಿರ್ಣಯ.

ಇದನ್ನು ಓದುವ ಮೊದಲೇ ನಮಗೆ ಇದರ ಒಂದು ಲೌಕಿಕ ದೃಷ್ಟಾಂತ ದೊರೆತಿತ್ತು. ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿ ರಾತ್ರಿಪಾಳಿ ಮಾಡುತ್ತಿದ್ದ ಕಾಲ. ಎದುರಿಗೆ ಹರಡಿದ ಉದ್ದನೆಯ ಚಾರ್ಟು. ಒಂದು ಬದಿಗೆ ನಿಲ್ದಾಣಗಳ ಹೆಸರು, ಇನ್ನೊಂದು ಬದಿಗೆ ಗಂಟೆ ನಿಮಿಷಗಳು. ಒಂದೊಂದು ಗಾಡಿಯೂ ಒಂದೊಂದು ಓರೆಗೆರೆ. ಕಿವಿಯಲ್ಲಿ ಸ್ಟೇಷನ್ ಮಾಸ್ತರರ ಧ್ವನಿ, ಸುತ್ತಲೂ ಬೇರೆ ಸೆಕ್ಷನ್ನಿನವರ ಕೂಗಾಟ, ಫೋನುಗಳ ಗಂಟೆ. ಆ ಗದ್ದಲದಲ್ಲಿ ಒಂದು ಗಾಡಿಯನ್ನು ಎಲ್ಲಿ ನಿಲ್ಲಿಸಿ ಯಾವುದನ್ನು ಮುಂದೆ ಬಿಡಬೇಕೆಂಬ ಚಿಂತೆಯಲ್ಲಿ ಮುಳುಗಿದರೆ, ಪಕ್ಕದಲ್ಲಿಟ್ಟ ಚಹಾ ಆರಿದ್ದು ತಿಳಿಯುತ್ತಿರಲಿಲ್ಲ, ಬೆಳಗಾದದ್ದೂ ತಿಳಿಯುತ್ತಿರಲಿಲ್ಲ. ಸದ್ದು ಇಲ್ಲದಿರಲಿಲ್ಲ, ಅದರಲ್ಲಿ ನಮಗೆ ಆದರವಿರಲಿಲ್ಲ, ಅಷ್ಟೇ. ಆ ತನ್ಮಯತೆಯನ್ನು ಸಮಾಧಿಯೆಂದು ಕರೆಯುವಷ್ಟು ಅವಿವೇಕ ನಮಗಿಲ್ಲ. ಸರಕುಗಾಡಿಯಲ್ಲಿ ಲೀನವಾದ ಮನಸ್ಸಿಗೆ ಸರಕುಗಾಡಿಯ ಫಲ. ಆದರೆ ನಿವೃತ್ತರಾದ ಮೇಲೆ ನಿಶ್ಶಬ್ದವಾದ ಮನೆಯಲ್ಲಿ, ಮಡಿಯುಟ್ಟು, ಆಸನ ಹಾಕಿ ಕುಳಿತಾಗ ಐದು ನಿಮಿಷ ಮನಸ್ಸು ನಿಲ್ಲದಿದ್ದುದನ್ನು ಕಂಡು ನಾಚಿಕೆಯಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೊರತೆ ಇದ್ದುದು ನಿಶ್ಶಬ್ದಕ್ಕಲ್ಲ.

ಇನ್ನು ಅಜ್ಜಿಯ ಪ್ರಶ್ನೆ. ಇದು ಹೆಚ್ಚು ಕಠಿಣವಾದುದು. ಇದಕ್ಕೆ ಉತ್ತರವಾಗಿ ಭಾಗವತದ ಇಬ್ಬರು ಬಾಲಕರನ್ನು ನೆನೆಯುತ್ತೇವೆ.

ಧ್ರುವನ ಕಥೆಯನ್ನು ಅರಿಯದವರಿಲ್ಲ. ಐದಾರು ವರ್ಷದ ಹಸುಳೆ. ತಂದೆಯ ತೊಡೆಯೇರಲು ಹೋಗಿ ಮಲತಾಯಿ ಸುರುಚಿಯ ಕಟುನುಡಿಯನ್ನು ಕೇಳಿ ಹೊರಟವನು. ವೈರಾಗ್ಯದಿಂದ ಹೊರಟವನಲ್ಲ, ಸಿಟ್ಟಿನಿಂದ ಹೊರಟವನು. ದಾರಿಯಲ್ಲಿ ನಾರದರು ಅಡ್ಡ ಬಂದು, ಮಗುವಿಗೆ ಮಾನವೇನು ಅಪಮಾನವೇನು, ಮನೆಗೆ ಹೋಗು ಎಂದು ಹೇಳಿನೋಡಿದರು. ಹುಡುಗ ಕದಲಲಿಲ್ಲ. ಆಗ ಅವರು ಯಮುನಾತೀರದ ಮಧುವನಕ್ಕೆ ಹೋಗೆಂದು ಹೇಳಿ, ಹನ್ನೆರಡಕ್ಷರದ ಮಂತ್ರವನ್ನು ಉಪದೇಶಿಸಿದರು. ದೆಹಲಿಯ ನಮ್ಮ ಓದುಗರು ಮಥುರೆಗೆ ಹೋದಾಗ ಧ್ರುವನ ಹೆಸರಿನಲ್ಲಿ ತೋರಿಸುವ ಆ ಮಧುವನವನ್ನು ಈಗಲೂ ನೋಡಬಹುದು.

ಮಂತ್ರಕ್ಕೂ ಮೊದಲು ನಾರದರು ಏನು ಕೊಟ್ಟರೆಂಬುದು ಮುಖ್ಯ. ರೂಪವನ್ನು ಕೊಟ್ಟರು. ಪ್ರಸನ್ನವಾದ ಮುಖ, ಮೋಡದಂತೆ ಶ್ಯಾಮಲವಾದ ಮೈ, ಎದೆಯ ಮೇಲೆ ಶ್ರೀವತ್ಸ, ಕೊರಳಲ್ಲಿ ವನಮಾಲೆ ಮತ್ತು ಕೌಸ್ತುಭ, ನಾಲ್ಕು ತೋಳುಗಳಲ್ಲಿ ಶಂಖಚಕ್ರಗದಾಪದ್ಮಗಳು, ಕಿರೀಟ, ಕುಂಡಲ, ಹಳದಿ ಪಟ್ಟೆಯ ವಸ್ತ್ರ, ಕಾಲಿಗೆ ಹೊನ್ನಿನ ಗೆಜ್ಜೆ, ಪ್ರೀತಿಯಿಂದ ನೋಡುವ ನಗೆ. ಮಗುವಿಗೆ ತಾಯಿ ಕಥೆ ಹೇಳಿದಂತೆ ಒಂದೊಂದಾಗಿ ಹೇಳಿದರು. ನಾವಾದರೋ ಜಪಕ್ಕೆ ಮುಂಚೆ ಅಂಗನ್ಯಾಸ ಕರನ್ಯಾಸಗಳನ್ನು ಮುಗಿಸಿ, ಧ್ಯಾನಶ್ಲೋಕವನ್ನು ಒಂದೇ ಉಸಿರಿಗೆ ಹೇಳಿ, ಎಣಿಕೆಗೆ ಓಡುತ್ತೇವೆ. ಧ್ಯಾನಶ್ಲೋಕವನ್ನು ಪಠಿಸುತ್ತೇವೆ, ಧ್ಯಾನಿಸುವುದಿಲ್ಲ. ಆಚಾರ್ಯರು ತಂತ್ರಸಾರಸಂಗ್ರಹದಲ್ಲಿ ಮಂತ್ರಮಂತ್ರಕ್ಕೂ ಮೂರ್ತಿಯ ಬಣ್ಣ ಯಾವುದು, ಕೈಯಲ್ಲಿರುವುದು ಏನು ಎಂದು ಬರೆದಿಟ್ಟುದು ಓದಿ ಮುಗಿಸಲಿಕ್ಕಲ್ಲ.

ಧ್ರುವನು ಮೊದಲ ತಿಂಗಳು ಮೂರು ದಿನಕ್ಕೊಮ್ಮೆ ಬೇಲದ ಹಣ್ಣು, ಎಲಚಿಹಣ್ಣು ತಿಂದನು. ಎರಡನೆಯ ತಿಂಗಳು ಆರು ದಿನಕ್ಕೊಮ್ಮೆ ಉದುರಿದ ಎಲೆ, ಹುಲ್ಲು. ಮೂರರಲ್ಲಿ ಒಂಬತ್ತು ದಿನಕ್ಕೊಮ್ಮೆ ನೀರು, ನಾಲ್ಕರಲ್ಲಿ ಹನ್ನೆರಡು ದಿನಕ್ಕೊಮ್ಮೆ ಗಾಳಿ. ಐದರಲ್ಲಿ ಉಸಿರನ್ನು ಗೆದ್ದು ಒಂಟಿಕಾಲಿನಲ್ಲಿ ನಿಂತನು. ಇದು ನಮಗೆ ಅನುಕರಣೀಯವೆಂದು ಯಾರೂ ಭಾವಿಸಬಾರದು. ಅವನ ಯೋಗ್ಯತೆ ಬೇರೆ. ಮುಂದಿನ ಘಟನೆ ನಮಗೆ ಬೇಕಾದುದು. ಹೃದಯಕಮಲದಲ್ಲಿ ಮಿಂಚಿನಂತೆ ಹೊಳೆಯುತ್ತಿದ್ದ ಆ ಮೂರ್ತಿ ಥಟ್ಟನೆ ಮಾಯವಾಯಿತು! ಅಷ್ಟು ದಿನಗಳ ತಪಸ್ಸಿನಿಂದ ನಿಲ್ಲಿಸಿಕೊಂಡ ರೂಪ. ಗಾಬರಿಯಿಂದ ಹುಡುಗ ಕಣ್ಣು ತೆರೆದನು. ಅದೇ ರೂಪ ಎದುರಿಗೆ ನಿಂತಿತ್ತು.

ಇನ್ನೊಬ್ಬ ಬಾಲಕನಿಗೂ ಐದೇ ವರ್ಷ. ದಾಸಿಯೊಬ್ಬಳ ಮಗ. ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಂತ ಯತಿಗಳ ಸೇವೆಗೆ ಅವನನ್ನು ನೇಮಿಸಿದ್ದರು. ಅಲ್ಲಿ ದಿನವೂ ಕೃಷ್ಣಕಥೆಯನ್ನು ಕೇಳಿದನು. ಯತಿಗಳು ಹೋದರು. ಒಂದು ರಾತ್ರಿ ಹಸುವಿನ ಹಾಲು ಕರೆಯಲು ಹೊರಟ ತಾಯಿ ಹಾವು ಕಚ್ಚಿ ಸತ್ತಳು. ದಿಕ್ಕಿಲ್ಲದ ಮಗು ಉತ್ತರದಿಕ್ಕಿಗೆ ನಡೆಯಿತು. ಊರುಗಳನ್ನು ದಾಟಿ, ಘೋರವಾದ ಕಾಡಿನಲ್ಲಿ, ಹಸಿದು ಬಾಯಾರಿ, ನದಿಯಲ್ಲಿ ಮಿಂದು ನೀರು ಕುಡಿದು, ಅರಳಿಮರದ ಕೆಳಗೆ ಕುಳಿತು, ಕೇಳಿದ್ದನ್ನು ನೆನೆಯತೊಡಗಿತು. ಕಣ್ಣೀರು ತುಂಬಿ ಬಂದಿತು. ಹರಿಯು ಮೆಲ್ಲಮೆಲ್ಲನೆ ಹೃದಯದಲ್ಲಿ ಮೂಡಿದನು. ಆ ಆನಂದಪ್ರವಾಹದಲ್ಲಿ ತನ್ನನ್ನೂ ಕಾಣಲಿಲ್ಲ, ಇನ್ನೊಂದನ್ನೂ ಕಾಣಲಿಲ್ಲ.

ಸಂಪೂರ್ಣವಾದ ತನ್ಮಯತೆಯ ವರ್ಣನೆ ಇದಕ್ಕಿಂತ ಮಿಗಿಲಾಗಿ ಬೇರೆಡೆ ಉಂಟೋ ನಾವರಿಯೆವು. ಇಲ್ಲಿ ಜೀವನು ಬ್ರಹ್ಮದಲ್ಲಿ ಕರಗಿಹೋದನೆಂದು ಹೇಳುವವರಿದ್ದಾರೆ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಹಸುಗೂಸಿನ ಮುಖವನ್ನೇ ನೋಡುತ್ತಿರುವ ತಾಯಿಗೆ ತನ್ನ ನೆನಪಿರುವುದಿಲ್ಲ, ಆದರೆ ತಾಯಿ ಇಲ್ಲವಾಗುವುದಿಲ್ಲ. ಮರುಕ್ಷಣದಲ್ಲಿಯೇ ಆ ರೂಪ ಮರೆಯಾಗಲು, ಬಾಲಕನು ವಿಹ್ವಲನಾಗಿ ಎದ್ದುನಿಂತನು. ಇಬ್ಬರು ಒಂದೇ ಆಗಿಹೋಗಿದ್ದರೆ, ಕಳೆದುಕೊಂಡೆನೆಂದು ಅತ್ತವರು ಯಾರು?

ಮತ್ತೆ ಮನಸ್ಸನ್ನು ಹೃದಯದಲ್ಲಿಟ್ಟು ನೋಡಿದನು. ಕಾಣಲಿಲ್ಲ. ಆಗ ಮಾತೊಂದು ಕೇಳಿಸಿತು: ಈ ಜನ್ಮದಲ್ಲಿ ನೀನು ಇನ್ನು ನನ್ನನ್ನು ಕಾಣಲಾರೆ, ಒಮ್ಮೆ ತೋರಿಸಿಕೊಂಡದ್ದು ನಿನ್ನ ಹಂಬಲ ಬೆಳೆಯಲೆಂದು. ಬಾಲಕನು ಆ ಮರದ ಕೆಳಗೆ ಕಾಯುತ್ತ ಕೂರಲಿಲ್ಲ. ತಲೆಬಾಗಿ ವಂದಿಸಿ, ನಾಮಗಳನ್ನು ಹಾಡುತ್ತ, ನಾಚಿಕೆಯನ್ನು ಬಿಟ್ಟು, ಕಾಲವನ್ನು ಎದುರುನೋಡುತ್ತ ಭೂಮಿಯಲ್ಲಿ ಸಂಚರಿಸಿದನು. ಅವನೇ ಮುಂದೆ ನಾರದರಾದದ್ದು.

ಈಗ ಎರಡನ್ನೂ ಒಂದೆಡೆ ಇಟ್ಟು ನೋಡೋಣ. ಧ್ರುವನಿಗೆ ರೂಪವನ್ನು ಒಂದೊಂದು ಅವಯವವಾಗಿ ಹೇಳಿಕೊಟ್ಟವರು, ಅದೇ ರೂಪವನ್ನು ಐದನೆಯ ವಯಸ್ಸಿನಲ್ಲಿ ಕಂಡು ಕಳೆದುಕೊಂಡವರು! ಇಬ್ಬರ ಹೃದಯದಿಂದಲೂ ಮೂರ್ತಿ ಮರೆಯಾಯಿತು. ಒಬ್ಬನಿಗೆ ಅದು ಹೊರಗೆ ಬಂದು ನಿಂತಿತು, ಇನ್ನೊಬ್ಬನಿಗೆ ಬರಲಿಲ್ಲ. ಇಬ್ಬರಲ್ಲಿ ತಪ್ಪು ಯಾರದು? ಯಾರದೂ ಅಲ್ಲ. ಭಗವಂತನು ಸ್ವಭಾವತಃ ಅವ್ಯಕ್ತನು, ನಮ್ಮ ಪ್ರಯತ್ನಬಲದಿಂದ ಅವನು ಗೋಚರನಾಗುವುದಿಲ್ಲ, ಅವನ ಪ್ರಸಾದದಿಂದಲೇ ಅಪರೋಕ್ಷವೆಂದು ಆಚಾರ್ಯರ ಸಿದ್ಧಾಂತ. ಧ್ಯಾನದಲ್ಲಿ ನಮ್ಮ ಮನಸ್ಸು ಕಟ್ಟಿಕೊಳ್ಳುವುದು ವಾಸನಾಮಯವಾದ ಒಂದು ಪ್ರತಿಮೆ. ಕಲ್ಲಿನ, ಲೋಹದ ಪ್ರತಿಮೆಯಲ್ಲಿ ಸನ್ನಿಹಿತನೆಂದು ಪೂಜಿಸುವಂತೆ ಅದರಲ್ಲಿಯೂ ಅವನನ್ನು ಪೂಜಿಸಬೇಕು. ಅದೇ ಅವನೆಂದು ತಿಳಿಯಬಾರದು. ಆದಕಾರಣ ಆ ಪ್ರತಿಮೆ ಸ್ಪಷ್ಟವಾಗಿ ನಿಂತರೆ ಸಿದ್ಧಿಯೂ ಅಲ್ಲ, ಮಸುಕಾದರೆ ಪತನವೂ ಅಲ್ಲ.

ಇನ್ನೊಂದು ಸೂಕ್ಷ್ಮವನ್ನು ಭಾಗವತವು ಮರೆಮಾಚಿಲ್ಲ. ಕಣ್ಣಾರೆ ಕಂಡ ಧ್ರುವನು ಮನೆಗೆ ಹಿಂದಿರುಗಿದುದು ಅಷ್ಟೇನೂ ಸಂತೋಷದಿಂದಲ್ಲ. ಆರು ತಿಂಗಳಲ್ಲಿ ಅಂತಹ ಪಾದಗಳ ಬಳಿಗೆ ಬಂದೂ ನಶ್ವರವಾದುದನ್ನು ಬೇಡಿದೆನಲ್ಲಾ ಎಂದು ಪರಿತಪಿಸುತ್ತ ಹೋದನು. ಕಾಣದೆಹೋದ ದಾಸೀಪುತ್ರನು ಹಾಡುತ್ತ ಹೋದನು. ಎಷ್ಟೋ ಸಲ ಉಪನ್ಯಾಸ ಮಾಡಿದ್ದರೂ ಈ ಎರಡು ಪ್ರಯಾಣಗಳನ್ನು ಅಕ್ಕಪಕ್ಕದಲ್ಲಿಟ್ಟು ನಾವು ನೋಡಿರಲಿಲ್ಲ. ಆ ತಾಯಿಯ ಪ್ರಶ್ನೆಯೇ ನಮ್ಮನ್ನು ಅಲ್ಲಿಗೆ ಕರೆದೊಯ್ದಿತು.

ಈ ಲೇಖನವನ್ನು ಸಂಪಾದಕರಿಗೆ ಕಳಿಸುವ ಮುನ್ನ ಅವರಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಫೋನ್ ಕಡಿದುಹೋಯಿತೇನೋ ಎಂದುಕೊಂಡೆವು. ಆಮೇಲೆ, "ರಾಯರೇ, ಆ ಮಗುವಿಗೆ ಐದೇ ವರ್ಷ ಅಂದಿರಲ್ಲ, ತಾಯಿ ಹೋದ ಮೇಲೆ ಅದು ಊಟಕ್ಕೆ ಏನು ಮಾಡಿತು?" ಎಂದು ಕೇಳಿದರು.

ಪ್ರಥಮಸ್ಕಂಧದ ಆರನೆಯ ಅಧ್ಯಾಯವನ್ನು ಮತ್ತೊಮ್ಮೆ ತೆಗೆದು ನೋಡಿದೆವು. ನದಿಯ ನೀರು ಕುಡಿದನೆಂದಷ್ಟೇ ಇದೆ.

॥ ಶ್ರೀಕೃಷ್ಣಾರ್ಪಣಮಸ್ತು ॥