ಉಜ್ಜದೆ ಉಳಿದದ್ದು

ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯ ಸಿಕ್ಕಿದರೆ ಅದಕ್ಕೆ ಮಾಡಬಹುದಾದ ಮೊದಲ ಉಪಕಾರ, ಕೈ ಹಚ್ಚದೆ ಬಿಡುವುದು.

❖

ಶೃಂಗೇರಿ ಬಳಿಯ ನಮ್ಮ ನೆಮ್ಮಾರಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬೇಗ ಬಿಡುವುದಲ್ಲ. ತುಂಗೆಯ ಮಗ್ಗುಲಿನ ಮನೆಗಳಲ್ಲಿ ಗೋಡೆಗೆ, ಚಪ್ಪಲಿಗೆ, ಪುಸ್ತಕದ ಬೆನ್ನಿಗೆ ಬೂಷ್ಟು ಬರುತ್ತದೆ. ತಾಮ್ರದ ಕಾಸಿಗೆ ಹಸಿರು ಕಿಲುಬು. ಕಿಲುಬು ಕಂಡರೆ ಕೈ ತಾನಾಗಿ ಹುಣಸೆಹಣ್ಣಿಗೆ ಹೋಗುತ್ತದೆ. ಚಿಕ್ಕಂದಿನಲ್ಲಿ ನಾನೂ ಅದನ್ನೇ ಮಾಡಿದೆ. ಅಜ್ಜಯ್ಯನ ಕೈಪೆಟ್ಟಿಗೆಯಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸು ಅದು: ಒಂದು ಬದಿ ಸಿಂಹ, ಇನ್ನೊಂದು ಬದಿ ಕನ್ನಡದಲ್ಲಿ ‘ಮಯಿಲಿ ಕಾಸು’. ದೇವರ ದೀಪಗಳ ಜೊತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಅಜ್ಜಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿ, “ಮಗಾ, ನೂರು ವರ್ಷಕ್ಕೂ ಮಿಕ್ಕಿ ಮಾಡಿದ್ದನ್ನ ಅರ್ಧ ಗಂಟೇಲಿ ತೆಗೆದ್ಯಲ್ಲ” ಅಂದರು. ಬೈಯಲಿಲ್ಲ. ಆ ಕಾಸು ಇವತ್ತಿಗೂ ಬೋಳು ಹೊಳಪಿನಲ್ಲಿದೆ. ಸಿಂಹದ ಬಾಲ ಎಲ್ಲಿ ಮುಗಿಯುತ್ತದೋ ಗೊತ್ತಾಗುವುದಿಲ್ಲ.

❖

ನಾಣ್ಯದ ಮೈಬಣ್ಣ ಅದರ ವಯಸ್ಸಿನ ಸಾಕ್ಷಿ. ಸಾಕ್ಷಿಯನ್ನು ತೊಳೆದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ.

❖

ಹಳೆಯದು ಅಂದ ಮಾತ್ರಕ್ಕೆ ದುಬಾರಿಯಲ್ಲ. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ 1862 ಎಂದಿದ್ದರೆ ಅದು 1862ರಲ್ಲೇ ಅಚ್ಚಾಗಿರಬೇಕಿಲ್ಲ. 1874ರಲ್ಲಿ ನಿಜವಾದ ಇಸವಿ ಬರುವ ತನಕ ಟಂಕಸಾಲೆಗಳು ಅದೇ ಇಸವಿಯನ್ನು ಒತ್ತುತ್ತಾ ಹೋದವು. ಅದಕ್ಕೂ ಮೊದಲಿನ 1840ರ ರೂಪಾಯಿಯ ಕಥೆಯೂ ಹಾಗೆಯೇ. ಬೊಂಬಾಯಿಯಲ್ಲಿ ಅಚ್ಚಾದ 1862ರ ರೂಪಾಯಿಯ ನಿಜವಾದ ವರ್ಷ ಇಸವಿಯ ಸುತ್ತಲಿನ ಚುಕ್ಕಿಗಳಲ್ಲಿದೆ. ಭೂತಗನ್ನಡಿ ಇಲ್ಲದವನು ಅಂಕಿ ಓದುತ್ತಾನೆ, ಇರುವವನು ಚುಕ್ಕಿ ಎಣಿಸುತ್ತಾನೆ. ಬೆಲೆ ಎಷ್ಟೋ ಸಲ ಆ ಚುಕ್ಕಿಯಲ್ಲಿ.

❖

ಟೀಪುವಿನ ಮೌಲೂದಿ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕಿಗಳು ಬಲದಿಂದ ಎಡಕ್ಕೆ ಕೂತಿವೆ. ಆತುರದ ಕಣ್ಣಿಗೆ 1215 ಎಂಬುದು 5121 ಆಗಿ ಕಾಣುತ್ತದೆ. ಬೆಲೆ ಕೇಳುವ ಮುಂಚೆ ನಾಣ್ಯ ಯಾವ ಕಡೆಯಿಂದ ಮಾತಾಡುತ್ತಿದೆ ಎಂದು ತಿಳಿಯಬೇಕು.

❖

ತಕ್ಕಡಿ ಸುಳ್ಳು ಹೇಳುವುದು ಕಡಿಮೆ. 1835ರಿಂದ ಬಂದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲೆ, 11.66 ಗ್ರಾಂ, ನೂರಕ್ಕೆ 91.7 ಪಾಲು ಬೆಳ್ಳಿ. ಅಂದರೆ ಅದರೊಳಗಿನ ಶುದ್ಧ ಬೆಳ್ಳಿ 10.69 ಗ್ರಾಂ. ಇವತ್ತಿನ ಬೆಳ್ಳಿ ಧಾರಣೆಯಿಂದ ಗುಣಿಸಿದರೆ ನೆಲಮಟ್ಟದ ಬೆಲೆ ಸಿಕ್ಕಿತು. ಅದಕ್ಕಿಂತ ಕೆಳಗೆ ಕೇಳುವವನಿಗೆ ಕೊಡಬೇಡಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿ ಚಿತ್ರದ ರೂಪಾಯಿ ಪೂರಾ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಬೆಳ್ಳಿ ರೂಪಾಯಿ ಅಂಟಿತೋ, ಅಲ್ಲಿಗೆ ಮಾತು ಮುಗಿಯಿತು.

❖

ಒಂದು ಕಾಲಕ್ಕೆ ರೂಪಾಯಿಯೇ ತೂಕದ ಕಲ್ಲು. ಮೈಸೂರು ಸೀಮೆಯ ಕಚ್ಚಾ ಸೇರಿಗೆ 24 ರೂಪಾಯಿ ತೂಕ. ನಮ್ಮ ಕಡೆ ಮನೆಮದ್ದಿನ ಬೇರನ್ನೂ ‘ರೂಪಾಯಿ ತೂಕ’ದಲ್ಲೇ ಹೇಳುತ್ತಿದ್ದರು. ಬೇರೆಯದನ್ನೆಲ್ಲ ತೂಗಿದ ವಸ್ತುವನ್ನು ಈಗ ನಾವು ತೂಗುತ್ತಿದ್ದೇವೆ.

❖

ನಾಣ್ಯದ ದರ್ಜೆ ಎಂಬ ಮಾತು ಕೇಳಿ ಮಲೆನಾಡಿನವರು ಬೆದರಬೇಕಾಗಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ಬೇರೆ ಮಾಡುವ ಕಣ್ಣಿಗೆ ರಾಣಿಯ ಕಿರೀಟದ ಮಣಿಗಳು ಉಳಿದಿವೆಯೋ, ಕಿವಿಯ ಮೇಲಿನ ಕೂದಲು ಸವೆದಿದೆಯೋ ನೋಡಲು ಬರುತ್ತದೆ. ಮುಖದಲ್ಲಿ ಎತ್ತರವಾಗಿರುವುದು ಮೊದಲು ಸವೆಯುತ್ತದೆ. ಅಲ್ಲಿ ನೋಡಿ, ಮಿಕ್ಕದ್ದನ್ನು ಆಮೇಲೆ.

❖

ಮಾರುವವನು ಹೇಳಿದ್ದು ಆಸೆ. ಹರಾಜಿನಲ್ಲಿ ಯಾರೋ ದುಡ್ಡು ಕೊಟ್ಟು ಒಯ್ದದ್ದು ಬೆಲೆ.

❖

‘ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ’ ಎಂದು ಫೋನು ಬಂದರೆ ಇಟ್ಟುಬಿಡಿ. ಮೊದಲು ನೋಂದಣಿ ಶುಲ್ಕ ಅಂತಾರೆ, ಆಮೇಲೆ ತೆರಿಗೆ, ಆಮೇಲೆ ರಿಸರ್ವ್ ಬ್ಯಾಂಕಿನ ಕಮಿಷನ್. ಇಂಥ ವ್ಯವಹಾರ ನಮ್ಮದಲ್ಲ, ಕಮಿಷನ್ ನಾವು ಕೇಳುವುದೂ ಇಲ್ಲ ಎಂದು ಆ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರಿದೆ. ಈ ಮಾತನ್ನು ಒಂಟಿ ಮನೆಯಲ್ಲಿ ಇಬ್ಬರೇ ಇರುವ ವಯಸ್ಸಾದವರಿಗೆ ಹೇಳಿ. ಮಕ್ಕಳು ಬೆಂಗಳೂರಲ್ಲಿ, ಫೋನು ಇವರ ಕೈಯಲ್ಲಿ.

❖

1818 ಎಂದು ಬರೆದು ರಾಮ ಪಟ್ಟಾಭಿಷೇಕದ ಚಿತ್ರ ಒತ್ತಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಹಾಕಿದ ಬಿಲ್ಲೆಗಳು ಸಂತೆಯಲ್ಲೂ ಸಿಗುತ್ತವೆ. ಕಂಪನಿ ಅಂಥ ನಾಣ್ಯ ಹೊರಡಿಸಿದ್ದೇ ಇಲ್ಲ. ದೇವರ ಗೂಡಿನಲ್ಲಿ ಇಡಿ, ಭಕ್ತಿಗೆ ಅಡ್ಡಿಯಿಲ್ಲ. ಮನೆ ಅಡ ಇಟ್ಟು ಕೊಳ್ಳಬೇಡಿ.

❖

ಅಪರೂಪವಾಗುವುದಕ್ಕೆ ಒಂದೊಂದಕ್ಕೆ ಒಂದೊಂದು ಕಾರಣ. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆಯಾಗಿ ಸರಕಾರ ಅದನ್ನು ಹಿಂದಕ್ಕೆ ಪಡೆದು ಕರಗಿಸಿತು, 1912ಕ್ಕೆ ಆನೆಯನ್ನು ತಿದ್ದಿತು. ಜನರ ಕೈಯಲ್ಲಿ ಉಳಿದುಕೊಂಡವಕ್ಕೆ ಇವತ್ತು ಬೆಲೆ. ಕುಲುಮೆಗೆ ಹೋದವು ಇವಕ್ಕೆ ಬೆಲೆ ಕಟ್ಟಿ ಹೋದವು.

❖

1918ರ ರೂಪಾಯಿಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಅಮೆರಿಕ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ನಮ್ಮ ಜನ ನೋಟು ಒಲ್ಲದೆ ಬೆಳ್ಳಿಯನ್ನೇ ಕೇಳಿದಾಗ, ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಬಹುಪಾಲು ಬೆಳ್ಳಿ ಇಂಡಿಯಾಕ್ಕೆ ಬಂತು. ಅಡಿಕೆ ಮಾರಿ ಅಜ್ಜಯ್ಯನ ಅಪ್ಪ ತಂದ ರೂಪಾಯಿಯಲ್ಲಿ ಯಾವ ದೂರದೇಶದವನ ಸಂಬಳ ಬೆರೆತಿತ್ತೋ.

❖

ನಾವು ದುಡ್ಡಿಗೆ ಹೇಳುವ ಮಾತೆಲ್ಲ ಸತ್ತ ನಾಣ್ಯಗಳ ಹೆಸರು. ಹಣ ಒಂದು ನಾಣ್ಯ, ದುಡ್ಡು ಒಂದು ನಾಣ್ಯ, ಕಾಸು ಒಂದು ನಾಣ್ಯ. ರಣಧೀರ ಕಂಠೀರವ ನರಸರಾಜ ಒಡೆಯರ ಹಣ ಅರ್ಧ ಗ್ರಾಂ ಕೂಡ ತೂಗದ ಚಿನ್ನದ ಚೂರು, ಕಿರುಬೆರಳ ಉಗುರಿಗಿಂತ ಚಿಕ್ಕದು. ಅದರ ಮೇಲೆ ನರಸಿಂಹ. ಅಷ್ಟು ಚಿಕ್ಕ ಜಾಗದಲ್ಲಿ ದೇವರನ್ನು ಕೂರಿಸಿದ ಕೈ ಯಾರದೋ. ಅದಕ್ಕೆ ಬೆಲೆ ಕಟ್ಟುವಾಗ ಚಿನ್ನದ ತೂಕ ಎಷ್ಟು ಎನ್ನುವ ಪ್ರಶ್ನೆ ಕೊನೆಗೆ ಬರಲಿ.

❖

ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ. ಇಕ್ಕೇರಿ ವರಹದ ಮೇಲಿದ್ದ ಶಿವ-ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಒಂದನ್ನು ಒತ್ತಿಸಿದ. ಸಂತೆಯ ಜನ ಆ ವರಹವನ್ನು ನಂಬಿದ್ದರು. ಗೆದ್ದವನು ಆ ನಂಬಿಕೆಯನ್ನು ಕೆಡಿಸಲಿಲ್ಲ.

❖

ನಮ್ಮ ಶೃಂಗೇರಿಯ ಕಾಗದಗಳಲ್ಲಿ ನಾಣ್ಯ ಬೇರೊಂದು ಬೆಲೆಯಲ್ಲಿ ಬರುತ್ತದೆ. 1791ರಲ್ಲಿ ಮರಾಠರ ದಂಡು ಮಠವನ್ನು ಲೂಟಿ ಮಾಡಿತು. ಶಾರದೆಯ ಪುನಃಪ್ರತಿಷ್ಠೆಗೆಂದು ಟೀಪು ನಗರದ, ಅಂದರೆ ಬಿದನೂರಿನ, ಅಧಿಕಾರಿ ಆಸಫನಿಗೆ ಹುಕುಂ ಮಾಡಿದ: ರೊಕ್ಕವಾಗಿ 200 ರಹತಿ, ದವಸವಾಗಿ 200 ರಹತಿ. ಆ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್. ರಹತಿ ಎಂದರೆ ಟೀಪುವಿನ ಪುಟ್ಟ ಚಿನ್ನದ ಹಣ. ಹರಾಜಿನ ಪಟ್ಟಿಯಲ್ಲಿ ರಹತಿಯ ಬೆಲೆ ನೋಡಿದಾಗೆಲ್ಲ ಇನ್ನೂರರ ಲೆಕ್ಕ ಹಾಕಿ ನಿಲ್ಲುತ್ತೇನೆ. ಮುಂದಿನದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

❖

ತೋಟದಲ್ಲಿ ಗುಂಡಿ ತೆಗೆಯುವಾಗ ಕುಡಿಕೆ ಸಿಕ್ಕರೆ ಅದು ನಿಮ್ಮ ಅಜ್ಜನ ಪೆಟ್ಟಿಗೆಯಲ್ಲ. 1962ರ ಕರ್ನಾಟಕ ನಿಧಿ ಕಾಯಿದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಂಚಿಕೊಂಡು ಕರಗಿಸಿದರೆ ಚಿನ್ನ ಉಳಿಯುತ್ತದೆ. ಯಾರು, ಯಾವಾಗ, ಯಾಕೆ ಹೂತರು ಎಂಬುದು ಕರಗಿಹೋಗುತ್ತದೆ.

❖

ಕೊಂಡಿ ಬೆಸೆದ ಕಾಸಿನ ಸರದ ನಾಣ್ಯವನ್ನು ಸಂಗ್ರಾಹಕ ಪಕ್ಕಕ್ಕಿಡುತ್ತಾನೆ, ಅವನ ಲೆಕ್ಕದಲ್ಲಿ ಅದು ಗಾಯ. ಆ ಗಾಯ ಒಂದು ಮದುವೆಯ ಗುರುತು ಎಂಬುದು ಮನೆಯವರ ಲೆಕ್ಕ. ಎರಡೂ ಸರಿ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯಬಾರದು ಅಷ್ಟೆ.

❖

ಬೆಲೆ ತಿಳಿಯಬೇಕಾದವನು ಮೊದಲು ಒಳ್ಳೆಯದನ್ನು ನೋಡಬೇಕು. ಕೆರೆಕಟ್ಟೆ ದಾಟಿ ಘಾಟಿ ಇಳಿದು ಕಾರ್ಕಳದ ಮೇಲೆ ಹೋದರೆ ಉಡುಪಿ. ಅಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ನಾಣ್ಯ ಸಂಗ್ರಹಾಲಯವಿದೆ. ಗಾಜಿನ ಮುಂದೆ ಅರ್ಧ ದಿನ ನಿಂತು ಬಂದವನು ತನ್ನ ಪೆಟ್ಟಿಗೆ ತೆರೆದಾಗ ಬೇರೆ ಕಣ್ಣಲ್ಲಿ ನೋಡುತ್ತಾನೆ. ಮನೆಯಲ್ಲಿ ಕೂತು ಓದುವವರಿಗೆ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಮೇಲೆ ಬರೆದದ್ದಿದೆ.

❖

ನಮ್ಮಲ್ಲಿರುವ 1862ರ ರೂಪಾಯಿ ಒಂದರ ಮೇಲೆ, ರಾಣಿಯ ಕೂದಲಿನ ಸಂದಿಯಲ್ಲಿ ಕುಂಕುಮ ಕೂತಿದೆ. ಎಷ್ಟೋ ದೀಪಾವಳಿಗಳ ಲಕ್ಷ್ಮೀಪೂಜೆಯದ್ದು. ನೋಡಿದ ಸಂಗ್ರಾಹಕರೊಬ್ಬರು, ಇದಿಲ್ಲದಿದ್ದರೆ ಒಂದು ದರ್ಜೆ ಮೇಲೆ ಹೋಗುತ್ತಿತ್ತು, ತೆಗೆಯಲು ಹೋದರೆ ಎರಡು ದರ್ಜೆ ಕೆಳಗೆ ಬರುತ್ತದೆ ಎಂದರು. ತೂಕ 11.5 ಗ್ರಾಂ ಬಂತು. ಉಳಿದದ್ದು ಕೈಗಳಿಗೆ ಹೋಗಿದೆ. ಕಳೆದ ದೀಪಾವಳಿಗೆ ಸೊಸೆ ಬೆಂಗಳೂರಿನಿಂದ ಬಂದಿದ್ದಳು. “ಮಾವ, ಇದನ್ನೂ ಇಡಲಾ?” ಎಂದು ಕೇಳಿ, ಎರಡು ಬೆರಳಲ್ಲಿ ಅಂಚನ್ನಷ್ಟೇ ಹಿಡಿದು, ಕಲಶದ ಪಕ್ಕ ವೀಳ್ಯದೆಲೆಯ ಮೇಲೆ ಇಟ್ಟಳು.